ಬಣ್ಣ ಆರದ ಮಣ್ಣಿನ ನಾಯಿ

ನಾಯಿ ಇರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಗುಂಡಿಗೆ ಮೊದಲು ಇಳಿದವನು ನಾನೇ. ಉತ್ಖನನದಲ್ಲಿ ಸಿಕ್ಕಿದ್ದನ್ನೆಲ್ಲ ಇದ್ದ ಜಾಗದಲ್ಲೇ ನೋಡಿ ನಕ್ಷೆ ಬರೆಯುವುದು ನನ್ನ ಕೆಲಸ. ಹಂದಿಗಳ ಸಾಲು ಇತ್ತು. ಕುರಿಗಳು, ಎತ್ತುಗಳು ಇದ್ದವು. ಹಾನ್ ವಂಶದ ಅರಸನೊಬ್ಬನ ಸಮಾಧಿಯ ಪಕ್ಕದಲ್ಲಿ, ಅವನ ಪರಲೋಕದ ಬದುಕಿಗೆಂದು ಎರಡು ಸಾವಿರ ವರ್ಷದಿಂದ ಕಾದು ನಿಂತ ಮಣ್ಣಿನ ಹಿಂಡು. ಸಾಲಿನ ಕೊನೆಯಲ್ಲಿ ಮಾತ್ರ, ನಾಯಿ ಇರಬೇಕಾದಲ್ಲಿ, ಒಂದು ಹೊಂಡ!

ಉಳಿದ ಪ್ರಾಣಿಗಳ ಮೈಬಣ್ಣ ಎಂದೋ ಉದುರಿ ಹೋಗಿತ್ತು. ಈ ನಾಯಿಯ ಕತೆಯೇ ಬೇರೆ. ಬೆಳಿಗ್ಗೆ ಯಿನ್ ರೋಲಾನಕ್ಕ ಕುಂಚದಿಂದ ಮಣ್ಣು ಸರಿಸಿದಾಗ ಕರಿಯ ಮೂತಿ ಕಂಡಿತು. ಆಮೇಲೆ ಕೆಂಪು ನಾಲಗೆಯ ತುದಿ, ಬಿಳಿಯ ಕಣ್ಣು. ಗುಂಡಿಯ ಅಂಚಿನಲ್ಲಿದ್ದ ಹನ್ನೆರಡು ಜನ ಬಾಗಿ ನೋಡಿದೆವು. ನಿನ್ನೆ ಸಂಜೆ ಯಾರೋ ಬಣ್ಣ ಬಳಿದು ಹೋದಂತಿತ್ತು. ಹಳೆಯ ವಸ್ತುಗಳ ಆರೈಕೆ ರೋಲಾನಕ್ಕನ ಹೊಣೆ. ಅವರು ಆ ಕ್ಷಣವೇ ಮತ್ತೆ ಒದ್ದೆ ಮಣ್ಣು ಮುಚ್ಚಿಬಿಟ್ಟಿದ್ದರು.

ಈಗ ಅಲ್ಲಿ ನಾಯಿಯೂ ಇಲ್ಲ, ಮಣ್ಣೂ ಇಲ್ಲ.

"ನೋಡಿ ಅಗೆದಿರೋ ಚಂದಾನ!" ತಂಡದ ಮುಖ್ಯಸ್ಥರಾದ ಬಾವ್ ಮೇಷ್ಟ್ರು ಹೊಂಡದತ್ತ ಬೆರಳು ತೋರಿಸಿದರು. "ನಾಯಿಗಿಂತ ಎರಡರಷ್ಟು ಹೊಂಡ! ಇದು ಕಲಿತವರ ಕೈಯಲ್ಲ. ಗುದ್ದಲಿ ಹಿಡಿಯೋ ಕೈ."

ಎಲ್ಲರೂ ಕೌ ಮಾನ್‌ಚಾಂಗನ ಕಡೆ ತಿರುಗಿದರು. ಪಕ್ಕದ ಹಳ್ಳಿಯ ಕೂಲಿಯಾಳು. ಹೊಲದಲ್ಲಿ ಸಿಕ್ಕ ಹಳೆಯ ಹೆಂಚೊಂದನ್ನು ಮಾರಲು ಹೋಗಿ ಹಿಂದೊಮ್ಮೆ ಸಿಕ್ಕಿಬಿದ್ದಿದ್ದ. ಊಟದ ಹೊತ್ತಿನ ಕಾವಲು ಅವನದೇ.

ಎರಡು ಗಂಟೆಗೆ ಪಟ್ಟಣದಿಂದ ಪೊಲೀಸ್ ಅಧಿಕಾರಿ ಮೀ ಶೂಯಿಂಗ್ ಬಂದರು. ಐವತ್ತರ ಹೆಂಗಸು, ಗಿಡ್ಡ ಕೂದಲು, ಮೆತ್ತಗಿನ ದನಿ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮಣ್ಣಿನ ಹಂದಿಗಳನ್ನು ಸಾಲಾಗಿ ನೋಡುತ್ತ ಹೋದರು.

"ಒಂದೊಂದರ ಮುಖಾನೂ ಬೇರೆ ಬೇರೆ ಇದೆಯಲ್ರೀ," ಎಂದರು. ಆಮೇಲೆ ಎದ್ದರು. "ಸರಿ. ಮಾನ್‌ಚಾಂಗ್, ಎಲ್ಲಿ ಹೋಗಿದ್ದೆ?"

"ನೂಡಲ್ಸ್ ತರಕ್ಕೆ ಮೇಡಂ. ತಿಂದು ಒಂದು ಸಿಗರೇಟು ಸೇದ್ದೆ. ಅರ್ಧ ಗಂಟೆ ಆಯ್ತು, ಇಲ್ಲ ಅನ್ನಲ್ಲ."

"ಕಾವಲು ಬಿಟ್ಟು?"

"ಹೊಟ್ಟೆ ಕೇಳ್ಬೇಕಲ್ಲ? ನನ್ನನ್ನೇ ಯಾಕೆ ಹಿಡ್ಕೋತೀರಿ? ಮೇಷ್ಟ್ರ ಜೀಪೂ ಆಗ್ಲೇ ಹೋಯ್ತು. ಹಿಂದಿನ ಸೀಟಲ್ಲಿ ದೊಡ್ಡ ಪೆಟ್ಟಿಗೆ ಇತ್ತು. ಅದರಲ್ಲಿ ಏನಿತ್ತು, ಕೇಳಿ!"

ಬಾವ್ ಮೇಷ್ಟ್ರ ಮುಖ ಕೆಂಪಾಯಿತು. "ದೀಪಗಳು ಕಣಯ್ಯಾ! ಒಂದು ಹೊತ್ತಿರಲಿಲ್ಲ, ಬದಲಾಯಿಸೋಕೆ ಕಳಿಸಿದ್ದೆ. ನಾಳೆ ಟೀವಿಯವರು ಬರ್ತಾರೆ. ನಾಯೀನ ಮೇಲೆತ್ತಿ, ಒರೆಸಿ, ಮೇಜಿನ ಮೇಲಿಟ್ಟು ಇಡೀ ದೇಶಕ್ಕೆ ತೋರಿಸೋದಿತ್ತು. ಈಗ ಏನು ತೋರಿಸ್ಲಿ, ಈ ಹೊಂಡಾನಾ?"

"ನೀವಮ್ಮಾ?" ಮೀ ಅವರು ರೋಲಾನಕ್ಕನಿಗೆ ಸ್ಟೂಲು ತಳ್ಳಿದರು.

ರೋಲಾನಕ್ಕ ಒಂದು ಕೈ ಸೊಂಟದ ಮೇಲಿಟ್ಟು ನಿಧಾನವಾಗಿ ಕೂತರು. "ತಲೆನೋವಿತ್ತು. ಊಟಕ್ಕೆ ಹೋಗ್ಲಿಲ್ಲ. ಕೋಣೇಲಿ ಮಲಗಿದ್ದೆ."

"ಇನ್ನೂ ಏನ್ ವಿಚಾರಣೆ?" ಮೇಷ್ಟ್ರು ಸಿಡುಕಿದರು. "ಇವನ ಮನೆ ಹುಡುಕಿಸಿ!"

ಮೀ ಅವರು ನನ್ನ ಕಡೆ ಕೈಚಾಚಿದರು. ಹೊಂಡ ಕಂಡ ಕೂಡಲೇ ನಾನು ಅಭ್ಯಾಸಬಲದಿಂದ ಅದನ್ನೂ ಬರೆದಿಟ್ಟಿದ್ದೆ. ನಕ್ಷೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ನೀವು ಇಳಿದಾಗ ಹೀಗೇ ಇತ್ತಾ? ಒಂಚೂರೂ ಬಿಡದೆ ಬರೆದಿದ್ದೀರಾ?"

"ಸಣ್ಣ ಕಲ್ಲನ್ನೂ ಬಿಟ್ಟಿಲ್ಲ."

"ಹಾಗಾದ್ರೆ, ತೆಗೆದ ಮಣ್ಣೆಲ್ಲಿ?"

ನಾನು ನಕ್ಷೆಯತ್ತ ಬಗ್ಗಿದೆ. ಅದರಲ್ಲಿ ಮಣ್ಣಿನ ರಾಶಿ ಎಲ್ಲೂ ಇರಲಿಲ್ಲ.

"ಅವಸರದ ಕಳ್ಳ ಗುದ್ದಲಿ ಹಾಕಿದ್ರೆ ಮಣ್ಣು ಸುತ್ತಲೂ ಚೆಲ್ಲಾಡಿರಬೇಕು. ಇಲ್ಲಿ ಒಂದು ಹಿಡಿಯೂ ಇಲ್ಲ. ಹೊಂಡದ ಗೋಡೆ ನೋಡಿ, ತೋಫು ಕೊಯ್ದ ಹಾಗೆ ನಯವಾಗಿದೆ. ನೀವೆಲ್ಲ ಹೊಂಡ ದೊಡ್ಡದು ಅಂತ ಮಾತ್ರ ನೋಡಿದ್ರಿ. ಯಾಕೆ ದೊಡ್ಡದು? ನಾಯಿ ಜೊತೆ ಅದು ಮಲಗಿದ್ದ ಮಣ್ಣೂ ಗಟ್ಟಿಯಾಗಿ ಎದ್ದು ಹೋಗಿದೆ. ಮಾರೋಕೆ ಕದಿಯೋನು ಕತ್ತು ಹಿಡಿದು ಎಳ್ಕೊಂಡು ಓಡ್ತಾನೆ. ಮಣ್ಣಿನ ಭಾರ ಯಾಕೆ ಹೊರ್ತಾನೆ?"

ಮೀ ಅವರು ನಕ್ಷೆಯನ್ನು ನನಗೆ ವಾಪಸ್ ಕೊಟ್ಟರು.

"ಮಣ್ಣು ಆರಿದ್ರೆ ಬಣ್ಣ ಉದುರುತ್ತೆ ಅಂತ ತಿಳಿದವರು ಹೊತ್ತಿದ್ದಾರೆ. ಇಪ್ಪತ್ತು ಕೇಜಿಗೆ ಕಡಿಮೆ ಇಲ್ಲ, ದೂರ ಹೋಗೋಕಾಗಲ್ಲ. ತಂಪಿರಬೇಕು, ಪಸೆ ಇರಬೇಕು, ಬಿಸಿಲು ಬೀಳಬಾರದು. ಬರ್ತಾ ನೋಡಿದೆ, ನಿಮ್ಮ ಅಡುಗೆಮನೆ ಹಿಂದೆ ಎಲೆಕೋಸು ಕೂಡಿಡೋ ನೆಲಮಾಳಿಗೆ ಇದೆ, ಅಲ್ವಾ?" ಮೀ ಅವರ ದನಿ ಇನ್ನಷ್ಟು ಮೆತ್ತಗಾಯಿತು. "ತಲೆನೋವು ಅಂದ್ರಿ ರೋಲಾನ್. ಹಿಡ್ಕೊಂಡಿರೋದು ಸೊಂಟಾನ."

ರೋಲಾನಕ್ಕ ತಲೆ ತಗ್ಗಿಸಲಿಲ್ಲ. "ಹೌದು. ನಾನೇ."

"ನೀನಾ?" ಬಾವ್ ಮೇಷ್ಟ್ರು ಅವರತ್ತ ತಿರುಗಿದರು.

"ಮೂರು ಸಲ ಬೇಡ್ಕೊಂಡೆ ಮೇಷ್ಟ್ರೇ. ಬಿಸಿ ದೀಪದಡಿ ಇಡಬೇಡಿ ಅಂದೆ. ಹನ್ನೆರಡು ವರ್ಷದ ಹಿಂದೆ ಬೇರೊಂದು ಗುಂಡೀಲಿ ಬಣ್ಣದ ಎತ್ತು ಸಿಕ್ಕಿತ್ತು. ಹೊರಗೆ ತೆಗೆದ್ವಿ. ಫೋಟೋದವನು ಕ್ಯಾಮೆರಾ ಸರಿಮಾಡ್ಕೊಳ್ಳೋ ಅಷ್ಟರಲ್ಲಿ ಬಣ್ಣವೆಲ್ಲ ಪುಡಿಪುಡಿಯಾಗಿ ನನ್ನ ಅಂಗೈಗೆ ಬಿತ್ತು. ಇನ್ನೊಂದು ಸಲ ಅದನ್ನ ನೋಡೋ ಶಕ್ತಿ ನಂಗಿಲ್ಲ."

"ಅದಕ್ಕೆ ನನ್ನ ಕೈಗೆ ಕೋಳ ಹಾಕಿಸ್ತಿದ್ರಾ?" ಮಾನ್‌ಚಾಂಗ್ ಕೇಳಿದ.

"ನಾಳೆ ಟೀವಿಯವರು ವಾಪಸ್ ಹೋದ್ಮೇಲೆ ಹೇಳ್ತಿದ್ದೆ..."

"ನಾಳೆವರೆಗೆ? ಪೊಲೀಸರು ಮನೆಗೆ ನುಗ್ಗಿದ್ರೆ ನನ್ನ ಹೆಂಡ್ತಿ ಏನು ಅಂದ್ಕೋತಿದ್ಲು ಅಕ್ಕಾ?"

ರೋಲಾನಕ್ಕ ಎದ್ದು ಬಂದು ಅವನ ಮುಂದೆ ಸೊಂಟ ಬಾಗಿಸಿ ನಿಂತರು. ನೋವಿಗೆ ಮುಖ ಕಿವುಚಿಕೊಂಡಿತ್ತು. ಆದರೂ ಅವನು "ಸಾಕು ಬಿಡಿ" ಎನ್ನುವವರೆಗೆ ಬಾಗಿಯೇ ಇದ್ದರು.

ನೆಲಮಾಳಿಗೆಗೆ ಐವರೂ ಇಳಿದೆವು. ಎಲೆಕೋಸುಗಳ ನಡುವೆ, ಒದ್ದೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದ ಗಂಟು.

"ಕಳುವಾದ ಮಾಲನ್ನ ನಾನು ಕಣ್ಣಾರೆ ನೋಡಲೇಬೇಕು," ಎಂದರು ಮೀ. "ಒಂದೇ ಸಲ."

ರೋಲಾನಕ್ಕ ಬಟ್ಟೆ ಸರಿಸಿ, ಮುಖದ ಮೇಲಿನ ಮಣ್ಣನ್ನು ಬೆರಳತುದಿಯಿಂದ ತೆಗೆದರು. ನಾಯಿ ನಮ್ಮನ್ನು ನೋಡಿತು. ಒಂದು ಕಿವಿ ನಿಮಿರಿತ್ತು. ಯಾರೋ ದೂರದಿಂದ ಹೆಸರು ಹಿಡಿದು ಕರೆದಂತೆ ಕತ್ತು ಸ್ವಲ್ಪ ವಾಲಿತ್ತು. ಕೆನ್ನೆಯ ಕೆಂಪು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಅದರ ಮೇಲೊಂದು ಹೆಬ್ಬೆರಳಿನ ಗುರುತು. ಬಣ್ಣ ಆರುವ ಮೊದಲೇ ನಾಯಿಯನ್ನು ಮಾಡಿದವನು ಮುಟ್ಟಿಬಿಟ್ಟಿದ್ದ.

ಮಾನ್‌ಚಾಂಗ್ ಮಂಡಿಯೂರಿ, ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ, ತಾಗದ ಹಾಗೆ, ಹಿಡಿದ.

"ನನ್ನಷ್ಟೇ ದಪ್ಪ," ಎಂದ ಪಿಸುದನಿಯಲ್ಲಿ. "ಇವನೂ ಕೂಲಿಯವನೇ."

ಬಾವ್ ಮೇಷ್ಟ್ರ ಕಣ್ಣು ತುಂಬಿತ್ತು. "ಮುಚ್ಚು ರೋಲಾನ್," ಎಂದರು. "ಬೇಗ ಮುಚ್ಚು. ಟೀವಿಯವರಿಗೆ ಬರಬೇಡಿ ಅಂತ ನಾನೇ ಹೇಳ್ತೀನಿ."

ತಪ್ಪು ತಪ್ಪೇ. ರೋಲಾನಕ್ಕ ಹೇಳಿಕೆಯನ್ನು ತಾವೇ ಬರೆದುಕೊಟ್ಟರು. ವಾರದೊಳಗೆ ಅವರನ್ನು ಆರು ತಿಂಗಳು ಕೆಲಸದಿಂದ ಅಮಾನತು ಮಾಡಿದ ಆದೇಶ ಬಂತು. ಹೊರಡುವ ದಿನ ಪೆಟ್ಟಿಗೆ ಹಿಡಿದು ಅಂಗಳ ದಾಟುತ್ತಿದ್ದವರಿಗೆ ಮಾನ್‌ಚಾಂಗ್ ಅಡ್ಡ ನಿಂತ.

"ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ," ಎಂದ. "ಅದು ಹಾಗಿರ್ಲಿ. ಆ ನಾಯಿಗೆ ನೀರು ಹೇಗೆ ಚಿಮುಕಿಸ್ಬೇಕು, ಎಷ್ಟು ಹೊತ್ತಿಗೊಂದು ಸಲ, ತೋರಿಸಿ ಹೋಗಿ."

ರೋಲಾನಕ್ಕ ಪೆಟ್ಟಿಗೆ ಕೆಳಗಿಟ್ಟರು. ಆ ಮಧ್ಯಾಹ್ನದ ಬಸ್ಸು ಅವರನ್ನು ಬಿಟ್ಟೇ ಹೋಯಿತು.