ಸಪ್ಪೆ ಬ್ರೆಡ್ಡಿನ ಸಾಕ್ಷಿ

"ಡಾಕ್ಟ್ರಮ್ಮ, ನನ್ನ ಸೊಸೆ ಕದ್ದುಮುಚ್ಚಿ ಹಿಟ್ಟಿಗೆ ಉಪ್ಪು ಸುರೀತಾಳೆ. ನಾಳೆಯಿಂದ ಅವಳು ಬೇಕರಿ ಮೆಟ್ಟಿಲು ಹತ್ತೋ ಹಾಗಿಲ್ಲ!"

ರಕ್ತದೊತ್ತಡ ತೋರಿಸಲು ಬಂದಿದ್ದ ಬೇಕರಿ ಯಜಮಾನರು ಗುಡುಗಿದರು. ಪಕ್ಕದಲ್ಲಿ ಅವರ ಹೆಂಡತಿ, ಬಾಗಿಲ ಬಳಿ ಕಣ್ಣೊರೆಸಿಕೊಳ್ಳುತ್ತ ಸೊಸೆ. ಏಳನೇ ತರಗತಿಗೇ ಶಾಲೆ ಬಿಟ್ಟ ನಾನು ಆ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುತ್ತಿದ್ದೆ. ನಮ್ಮ ಡಾಕ್ಟರಮ್ಮನಿಗೆ ಬೀದಿಯವರು ಇಟ್ಟಿದ್ದ ಹೆಸರು ಪತ್ತೇದಾರಮ್ಮ.

"ಕಲಸೋ ಕೋಣೆಗೆ ಯಾರು ಹೋಗ್ತಾರೆ?"

"ನಾನೊಬ್ಬನೇ. ಹದ ನನ್ನ ಕೈಗುಟ್ಟು. ನಾನು ಆಚೆ ಬಂದಾಗ ಇವಳು ನುಗ್ತಾಳೆ!"

"ಬ್ರೆಡ್ಡು ಯಾವಾಗ್ಲೂ ಉಪ್ಪುಪ್ಪೇನಾ?"

ಅವರು ಹೆಂಡತಿಯ ಕಡೆ ತಿರುಗಿದರು. "ಮೂರು ಸಲ ಉಪ್ಪುಪ್ಪು. ಎರಡು ಸಲ ಸಪ್ಪೆ," ಎಂದರು ಆಕೆ.

"ಯಾವ್ಯಾವ ದಿನ?"

ಮತ್ತೆ ಹೆಂಡತಿಯ ಕಡೆ. "ಕಲಸೋವಾಗ ಫೋನ್ ಬಂದ ದಿನ, ಮೈದಾ ಮೂಟೆಯೋರು ಕೂಗಿದ ದಿನ..."

ಡಾಕ್ಟರಮ್ಮ ಯಜಮಾನರಿಗೆ ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು. ತೂಕ ನೋಡಿ ಬಂದ ಮೇಲೆ ಕೇಳಿದರೆ ಒಂದೇ ಉಳಿದಿತ್ತು.

ನಾನು ಡಾಕ್ಟರಮ್ಮನ ಕಿವಿಯಲ್ಲಿ ಪಿಸುಗುಟ್ಟಿದೆ.

"ಜೋರಾಗಿ ಹೇಳೇ. ಕಣ್ಣು ಚುರುಕು, ಬಾಯಿಗೆ ಮಾತ್ರ ಬೀಗ!"

"ಯಜಮಾನ್ರು ಚೀಟಿ ಇಸ್ಕೊಂಡು ಹೋಗಿ, ಮತ್ತೆ ಬಂದು ಚೀಟಿ ಕೇಳಿದ್ರು."

ಡಾಕ್ಟರಮ್ಮ ಮೂವರನ್ನೂ ಎದುರಿಗೆ ಕೂರಿಸಿಕೊಂಡರು.

"ಉಪ್ಪು ಯಾರು ಬೇಕಾದ್ರೂ ಸುರೀಬಹುದು ಯಜಮಾನ್ರೇ. ಆದರೆ ನೀವು ಹಿಟ್ಟಿಗೆ ಹಾಕಿದ ಉಪ್ಪನ್ನ ಯಾರು ತೆಗೀತಾರೆ? ಸಪ್ಪೆ ಬ್ರೆಡ್ಡೇ ಸಾಕ್ಷಿ, ಸೊಸೆ ತಪ್ಪಿಲ್ಲ. ನಡುವೆ ಯಾರಾದ್ರೂ ಕರೆದ್ರೆ ಹಾಕಿದ್ದು ಮರೆತು ಮತ್ತೆ ಹಾಕ್ತೀರಿ. ಇಲ್ಲಾ, ಹಾಕಾಯ್ತು ಅಂದ್ಕೊಂಡು ಬಿಡ್ತೀರಿ. ಉತ್ತರ ಹೊಳೀದಾಗ ಮನೆಯೋರ ಮುಖ ನೋಡ್ತೀರಿ. ಇದು ಮರೆವಿನ ಕಾಯಿಲೆಯ ಶುರು ಇರಬಹುದು. ಥೈರಾಯ್ಡಿನಿಂದ, ವಿಟಮಿನ್ ಕೊರತೆಯಿಂದಲೂ ಹೀಗಾಗುತ್ತೆ. ಮೊದಲು ರಕ್ತ ಪರೀಕ್ಷೆ ಮಾಡಿಸೋಣ."

"ಆರು ತಿಂಗಳಿಂದ ನಂಗೆ ಅನುಮಾನ," ಹೆಂಡತಿ ಬಿಕ್ಕಿದರು. "ಇವರ ಮಾನ ಹೋಗ್ಬಾರ್ದು ಅಂತ ಎಲ್ಲಕ್ಕೂ ನಾನೇ ಉತ್ತರ ಕೊಟ್ಟೆ."

"ಈಗಲಾದ್ರೂ ಬಂದ್ರಲ್ಲ. ಎಷ್ಟೋ ಜನ ಬರೋ ಹೊತ್ತಿಗೆ ತುಂಬಾ ತಡವಾಗಿರುತ್ತೆ."

ಯಜಮಾನರು ಎರಡೂ ಕೈ ಜೋಡಿಸಿದರು. "ತಪ್ಪಾಯ್ತು ತಾಯಿ," ಎಂದರು ಸೊಸೆಗೆ.

"ಅದೆಲ್ಲ ಬಿಡಿ ಮಾವ. ಹದ ನಂಗೂ ಕಲಿಸ್ಕೊಡಿ. ನಿಮ್ಮ ಕೈಯಲ್ಲಿರೋವಾಗಲೇ."

ಅವರು ನನ್ನ ಕಡೆ ನೋಡಿದರು. "ಕಂಡದ್ದು ಹೇಳ್ದೆಯಲ್ಲ ಮಗಳೇ, ನಿನ್ನ ಹೊಟ್ಟೆ ತಣ್ಣಗಿರಲಿ. ನನ್ನ ಮನೆ ಉಳೀತು."

ಆಮೇಲೆ ಕುರ್ಚಿ ಹಿಂದೆ ಸರಿಸಿ ಎದ್ದು ಸೊಸೆಯ ಕಡೆ ತಿರುಗಿದರು.

"ಏಳಮ್ಮ, ಸಂಜೆ ಹಿಟ್ಟು ಕಲಸೋ ಹೊತ್ತಾಯ್ತು. ಮೊದಲು ಆ ಉಗುರು ಕತ್ತರಿಸ್ಕೋ."