ತೋಳದ ಮೂಗು ತಪ್ಪಿದ್ದು

ಲಾಂಡ್ರಿಗೆ ಬಂದಿದ್ದ ಬೂದುಬಣ್ಣದ ಉಣ್ಣೆ ಕೋಟನ್ನು ಕೊಡವುವಾಗ ಇಸ್ತ್ರಿಯವನ ಮೂಗಿಗೆ ಆ ವಾಸನೆ ಬಡಿಯಿತು. ಪಕ್ಕದಲ್ಲಿ ಯಾರದೋ ಅಂಗಿ ಇಸ್ತ್ರಿಪೆಟ್ಟಿಗೆಯಡಿ ಸುಟ್ಟು ಹೊಗೆಯೆದ್ದರೂ ಅವನಿಗೆ ಪರಿವೆಯಿಲ್ಲ. ಅವನೊಳಗಿನ ತೋಳ ತನ್ನ ಜೊತೆಗಾತಿಯನ್ನು ಆರಿಸಿಬಿಟ್ಟಿತ್ತು.

ಅವನದು ಹುಣ್ಣಿಮೆಗೆ ತೋಳವಾಗುವ ಮನೆತನ. ಉಳಿದ ದಿನ ಎಲ್ಲರಂತೆ ಬಸ್ಸಿಗೆ ಕಾಯುತ್ತಾರೆ, ಹಲ್ಲುನೋವಿಗೆ ಮಾತ್ರೆ ನುಂಗುತ್ತಾರೆ. ಮದುವೆಯ ವಿಷಯದಲ್ಲಿ ಮಾತ್ರ ಅಲ್ಲಿ ಮನಸ್ಸಿಗೆ ಕೆಲಸವಿಲ್ಲ. ಮೂಗು ಜೀವಮಾನದಲ್ಲಿ ಒಮ್ಮೆ ಆರಿಸುತ್ತದೆ, ಅಷ್ಟೆ. ಅದು ತಪ್ಪಿತೆಂದು ಇದುವರೆಗೆ ಯಾರೂ ಬಾಯಿಬಿಟ್ಟಿಲ್ಲ. ಜೊತೆಗೊಂದು ಶಾಪವೂ ಉಂಟು: ಆರಿಸಿದ ಮೇಲೆ ಆ ಹೆಣ್ಣು ಅದೇ ಸೂರಿನಡಿ ಇರದಿದ್ದರೆ ತೋಳವಾದವನು ಬೆಳಗಾದರೂ ಮನುಷ್ಯನಾಗುವುದಿಲ್ಲ.

ಕೋಟು ಒಯ್ಯಲು ಬಂದವಳು ಅದೇ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಸ್ತ್ರಿಯವನು ರಸೀತಿಯನ್ನು ತಲೆಕೆಳಗಾಗಿ ಹಿಡಿದುಕೊಂಡು ಓದುತ್ತಿದ್ದ. ಕನ್ನಡಕ ಬೇಕಿದ್ದರೆ ಹೇಳಿ, ಡಿಸ್ಕೌಂಟ್ ಕೊಡಿಸುತ್ತೇನೆ ಎಂದು ಅವಳು ನಕ್ಕಳು. ಅದಾದ ಮೇಲೆ ಎಷ್ಟೋ ಕಾಲ ಅವಳು ನಗಲಿಲ್ಲ. ಯಾಕೆಂದರೆ ಅವನ ಸೋದರತ್ತೆ ಅಲ್ಲೇ ಕೂತಿದ್ದರು. ಅತ್ತೆ ಎಲ್ಲದರಲ್ಲೂ ಮೂಗು ತೂರಿಸುವವರು. ಆ ಮನೆತನದಲ್ಲಿ ಅದು ಬೈಗುಳವಲ್ಲ.

ಅತ್ತೆ ಅವಳ ಕೋಣೆಗೆ ಹೋಗಿ ಶಾಪದ ಕಥೆ ಹೇಳಿದರು. ಒಬ್ಬ ಗಂಡಸಿನ ಮನುಷ್ಯಜನ್ಮ ನಿನ್ನ ಕೈಯಲ್ಲಿದೆ ಎಂದರು. ಅಕ್ಕ ತೀರಿಹೋದ ಮೇಲೆ ಒಬ್ಬಳೇ ಇದ್ದ ಹುಡುಗಿ, ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಬಂದಿದ್ದರೂ ಮೆಟ್ಟಿಲ ತುಂಬ ಅವನ ದೊಡ್ಡಪ್ಪ ಚಿಕ್ಕಪ್ಪಂದಿರು ನಿಂತಿದ್ದರು. ಇದನ್ನು ಮದುವೆ ಎನ್ನುವುದಾದರೆ ಕಳ್ಳತನಕ್ಕೆ ಬೇರೆ ಹೆಸರು ಹುಡುಕಬೇಕು. ಇಸ್ತ್ರಿಯವನು ಅಂದು ತಲೆತಗ್ಗಿಸಿ ಸುಮ್ಮನಿದ್ದ. ಸುಮ್ಮನಿದ್ದದ್ದೇ ಅವನ ಪಾಲಿನ ಕಳ್ಳತನ.

ಅವಳು ಅವನ ಮನೆಯ ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಲಗುತ್ತಿದ್ದಳು, ಅವನು ಹಾಲ್‌ನಲ್ಲಿ. ಹಾಲು ತಂದಿದ್ದೇನೆ, ಗ್ಯಾಸ್ ಮುಗಿದಿದೆ, ಇಷ್ಟೇ ಮಾತು. ಹುಣ್ಣಿಮೆಗೆ ಅವನು ಬಚ್ಚಲಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದ. ವಿಚಿತ್ರವೆಂದರೆ ತೋಳ ಅವಳಿದ್ದ ಕಡೆ ಮೂಗನ್ನೂ ತಿರುಗಿಸುತ್ತಿರಲಿಲ್ಲ. ಅದಕ್ಕೂ ನಾಚಿಕೆಯಾಗಿರಬೇಕು ಎಂದುಕೊಂಡ.

ಒಂದು ಬೆಳಗ್ಗೆ ಅವಳು ಟೀ ಕುಡಿಯುತ್ತ ಅವನ ಮುಖವನ್ನೇ ದಿಟ್ಟಿಸಿದಳು.

"ನಿಮ್ಮ ಎಡಗಿವಿ ಒಂಚೂರು ಮೇಲಿದೆ. ಯಾವ ಫ್ರೇಮ್ ಹಾಕಿದ್ರೂ ಸೊಟ್ಟ ಕೂರುತ್ತೆ."

ಕೆಲಸದ ಚಾಳಿ, ಬೇರೇನಿಲ್ಲ. ಆದರೆ ಅವತ್ತಿನಿಂದ ಅವನು ಆ ನೋಟಕ್ಕಾಗಿ ಕಾಯತೊಡಗಿದ. ಅವಳು ಲೋಟ ಕೆಳಗಿಡುವಾಗ ಬೇಕೆಂದೇ ಎಡಗಿವಿ ಸವರಿಕೊಳ್ಳುತ್ತಿದ್ದ. ಅವಳು ತುಟಿ ಬಿಗಿಹಿಡಿದು ಕಿಟಕಿಯತ್ತ ತಿರುಗುತ್ತಿದ್ದಳು. ತೋಳಕ್ಕೆ ಗೊತ್ತೇ ಇಲ್ಲದಂತೆ ಇಸ್ತ್ರಿಯವನು ಪ್ರೀತಿಗೆ ಬಿದ್ದಿದ್ದ.

ಚಳಿ ಹೆಚ್ಚಾದ ಒಂದು ಸಂಜೆ ಅವಳು ಸೂಟ್‌ಕೇಸಿನಿಂದ ಹಳೆಯ ಮಫ್ಲರ್ ತೆಗೆದಳು. ಅದೇ ವಾಸನೆ, ಚೂರೂ ಮಾಸದೆ. ಯಾರದು ಎಂದು ಕೇಳಿದ.

"ಅಕ್ಕಂದು. ಆ ಕೋಟೂ ಅವಳದೇ. ಅವಳು ಹೋದ್ಮೇಲೆ ನಾನು ಹಾಕ್ಕೊಂಡೆ."

ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತ. ತೋಳ ಆರಿಸಿದ್ದು ಈ ಲೋಕದಲ್ಲೇ ಇಲ್ಲದವಳನ್ನು. ಇವಳ ಮೇಲೆ ಅದಕ್ಕೆ ಯಾವ ಹಕ್ಕೂ ಇರಲಿಲ್ಲ. ಹಾಗಾದರೆ ಪ್ರತಿ ಹುಣ್ಣಿಮೆಯ ಮರುದಿನ ತಾನು ಮನುಷ್ಯನಾದದ್ದು ಹೇಗೆ? ಶಾಪವೇ ಸುಳ್ಳೋ, ಇವಳಿದ್ದುದರಿಂದಲೋ? ಅವನಿಗೆ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡರೆ ಅವಳು ಇರುತ್ತಾಳೆ. ಬಾಯಿಬಿಟ್ಟರೆ ಹೋಗುತ್ತಾಳೆ, ತಾನು ನಾಲ್ಕು ಕಾಲಲ್ಲೇ ಉಳಿದರೂ ಉಳಿಯಬಹುದು. ಮುಖ ತೊಳೆದುಕೊಂಡು ಬಂದು ಎಲ್ಲ ಹೇಳಿದ.

ಅವಳು ಮಫ್ಲರನ್ನು ಮಡಿಚುತ್ತ ಕೇಳಿದಳು. "ಮತ್ತೆ ನಿಮಗೇನಾಗುತ್ತೆ?"

"ಗೊತ್ತಿಲ್ಲ. ಅದು ನಿಮ್ಮ ತಲೆನೋವಲ್ಲ."

"ಇಷ್ಟು ದಿನ ಅದೇ ನನ್ನ ತಲೆನೋವು ಅಂತ ಹೇಳ್ಕೊಟ್ಟಿದ್ರಲ್ಲ."

ಇರಿ ಎನ್ನುವ ಮಾತು ಅವನ ಗಂಟಲವರೆಗೆ ಬಂತು. ಆಡಿದರೆ ಅದು ಅತ್ತೆಯ ಮಾತೇ ಆಗುತ್ತದೆಂದು ನುಂಗಿಕೊಂಡು, ಸೂಟ್‌ಕೇಸನ್ನು ಬಸ್ ಸ್ಟಾಪಿನವರೆಗೆ ಹೊತ್ತ. ಬಸ್ಸು ಹೊರಟಾಗ ಅವಳು ತಿರುಗಿ ನೋಡಿದಳೋ ಇಲ್ಲವೋ, ಕಣ್ಣು ಮಂಜಾಗಿ ಅವನಿಗೆ ಕಾಣಲಿಲ್ಲ.

ಮನೆ ಬಿಕೋ ಎನ್ನುತ್ತಿತ್ತು. ಅತ್ತೆ ಬಂದು ವಾಚಾಮಗೋಚರ ಬೈದರು, ಕೊನೆಗೆ ಅತ್ತುಬಿಟ್ಟು, ಇನ್ನು ನೀನು ನಮಗಿಲ್ಲ ಎಂದು ತಲೆ ನೇವರಿಸಿ ಹೋದರು. ಅವನು ಹುಣ್ಣಿಮೆಗೆ ಲಾಂಡ್ರಿಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿ ಬಂದ. ಟೀ ಲೋಟ ತೊಳೆದಿಟ್ಟ. ಮೈಮೇಲೆ ಕೂದಲೇಳುವ ಮುಂಚೆ ಅವನು ನೆನೆದದ್ದು ಅವಳನ್ನೇ.

ಬೆಳಗಾದಾಗ ಬಚ್ಚಲ ತಣ್ಣನೆಯ ನೆಲದ ಮೇಲೆ ಒಂದು ಕೈ ಕಂಡಿತು. ಬೆರಳು ಮಡಿಚಿ ನೋಡಿದ, ತನ್ನದೇ. ಮನುಷ್ಯನಾಗಿದ್ದ. ಹೇಳಿಕೊಳ್ಳಲು ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ.

ಬಟ್ಟೆ ಹಾಕಿಕೊಳ್ಳುವಾಗ ಕಾಲಿಂಗ್ ಬೆಲ್ ಸದ್ದಾಯಿತು. ಬಾಗಿಲಲ್ಲಿ ಅವಳು, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಅವನನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡಿ ಉಸಿರುಬಿಟ್ಟಳು.

"ಹಾಗಾದ್ರೆ ನಾನು ಇರಲೇಬೇಕಂತಿಲ್ಲ."

"ಇಲ್ಲ."

"ಖಂಡಿತ?"

"ನೋಡ್ತಿದೀರಲ್ಲ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಟೀಗೆ ನೀರಿಟ್ಟಳು. ಇಸ್ತ್ರಿಯವನು ಅಡಿಗೆಮನೆಯ ಬಾಗಿಲಿಗೆ ಒರಗಿದ. ಅವಳ ಮೈಯಲ್ಲಿ ಸೋಪಿನ ವಾಸನೆ, ಬಸ್ಸಿನ ವಾಸನೆ. ಒಳಗಿನ ತೋಳ ಮಿಸುಕಲೂ ಇಲ್ಲ. ಅವನ ಕೈ ಮಾತ್ರ ತಾನಾಗಿ ಎಡಗಿವಿಯತ್ತ ಹೋಯಿತು.

"ಇರ್ತೀರಾ?" ಎಂದು ಕೇಳಿದ.

"ಇಲ್ಲ. ಟೀ ಕುಡಿದು ಹೋಗ್ತೀನಿ." ಅವಳು ಸಕ್ಕರೆ ಹಾಕಿ ಕದಡಿದಳು. "ಭಾನುವಾರ ಮತ್ತೆ ಬರ್ತೀನಿ."

"ಯಾಕೆ?"

"ಯಾರೂ ಬಾ ಅಂದಿಲ್ವಲ್ಲ, ಅದಕ್ಕೆ."