ಬೆಣ್ಣೆ ಎಂದು ಹೆಸರಿಟ್ಟವಳು

"ಇವನ ಜೊತೆ ನಾನು ಓದಲ್ಲ, ಮೇಡಂ."

ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳಿಗೆ ಕಾಲೇಜಿನಲ್ಲಿ ಕಿಡಿ ಅಂತಲೇ ಹೆಸರು. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಎದುರಿಗೆ ಕೂತವನನ್ನು ಎಲ್ಲರೂ ಕರೆಯುತ್ತಿದ್ದುದು ಬೆಣ್ಣೆ ಅಂತ. ಮೇಡಂಗೆ ಬೆಣ್ಣೆ ಹಚ್ಚುವವನು ಅನ್ನೋ ಅರ್ಥದಲ್ಲಿ. ಆ ಹೆಸರಿಟ್ಟವಳು ಅವಳೇ.

"ನನಗೂ ಅಂಥ ಆಸೆಯೇನಿಲ್ಲ," ಅವನು ಪುಸ್ತಕದಿಂದ ತಲೆ ಎತ್ತದೆ ಹೇಳಿದ.

ಮೇಡಂ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ತರಗತಿಯಲ್ಲಿ ಈ ಪರೀಕ್ಷೆ ಮತ್ತೆ ಬರೆಯಬೇಕಾದವರು ಇವರಿಬ್ಬರೇ. ಅವಳಿಗೆ ಎಲ್ಲ ಬಾಯಿಪಾಠ, ಯಾಕೆ ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಅವನಿಗೆ ಎಲ್ಲ ಅರ್ಥವಾಗಿದೆ, ಬರೆಯಲು ಕೂತರೆ ಕೈ ಓಡಲ್ಲ. ಕೊಬ್ಬುಗಳ ಕುರಿತ ಲಿಪಿಡ್ ಅಧ್ಯಾಯ ಮುಗಿಯುವವರೆಗೆ ಕಿಟಕಿ ಕಡೆಯ ಮೇಜಿನಲ್ಲಿ ಜೊತೆಯಾಗಿ ಓದಬೇಕು ಎಂದು ಹೇಳಿ ಹೊರಟೇಬಿಟ್ಟರು.

ಅವಳಿಗೆ ಮೈಯೆಲ್ಲ ಉರಿಯಿತು. ನನ್ನ ವರ್ಷ ಹಾಳು ಮಾಡಿದವನ ಹತ್ತಿರ ನಾನು ಪಾಠ ಕಲೀಬೇಕಾ...

ಕಳೆದ ಪರೀಕ್ಷೆಯ ದಿನ ಆದದ್ದು ಇಷ್ಟು. ಭಯವಾದಾಗ ಅಂಗೈ ಮೇಲೆ ಗೀಚುವುದು ಅವಳ ಅಭ್ಯಾಸ. ಹೊರಗೆ ನಿಂತು ಗೀಚಿಕೊಂಡಿದ್ದ ಕೊಬ್ಬಿನ ರಚನೆಗಳನ್ನು ತೊಳೆಯಲು ಮರೆತು ಒಳಗೆ ಹೋಗಿದ್ದಳು. ಅರ್ಧ ಪರೀಕ್ಷೆಯಲ್ಲಿ ಇವನು ಎದ್ದು ಹೋಗಿ ಮೇಡಂ ಹತ್ತಿರ ಮೆಲ್ಲಗೆ ಏನೋ ಹೇಳಿದ. ಮರುಕ್ಷಣ ಮೇಡಂ ಅವಳ ಮುಂದೆ ನಿಂತಿದ್ದರು. ಉತ್ತರಪತ್ರಿಕೆ ಹೋಯಿತು, ವರ್ಷವೂ ಹೋಯಿತು.

ಇನ್ನೇನು ಸಾಕ್ಷಿ ಬೇಕು?

ಸಂಜೆಯೊಳಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದಳು. ಅವನು ಬೇರೆ ಕಾಲೇಜಿನಿಂದ ಆಗಷ್ಟೇ ಬಂದವನು. ಅವನ ಪರ ಒಂದು ಮಾತಾಡುವ ಗೆಳೆಯನೂ ಇರಲಿಲ್ಲ. ಕೆಲವು ದಿನ ಕಾಣೆಯಾಗಿ ವಾಪಸ್ ಬಂದಾಗ, ಖಾಲಿ ಜಾಗಗಳಲ್ಲೆಲ್ಲ ಹುಡುಗರು ಬ್ಯಾಗ್ ಇಟ್ಟುಬಿಟ್ಟರು. ಅವನು ಯಾಕೆ ಅಂತ ಯಾರನ್ನೂ ಕೇಳಲಿಲ್ಲ.

ಈಗ ಮನೆಯಲ್ಲಿ ಅಣ್ಣ ಖಡಾಖಂಡಿತವಾಗಿ ಹೇಳಿದ್ದ. ಈ ಸಲವೂ ಫೇಲಾದರೆ ಓದು ಸಾಕು, ಅವನ ಪೇಂಟ್ ಅಂಗಡಿಯಲ್ಲಿ ಕೂರಬೇಕು. ಹಾಗಾಗಿ ಮರುದಿನ ಹಲ್ಲು ಕಚ್ಚಿಕೊಂಡು ಬಂದು ಕೂತಳು.

"ಗ್ಲಿಸರಾಲ್‌ಗೆ ಮೂರೇ ಫ್ಯಾಟಿ ಆಸಿಡ್ ಯಾಕೆ ಅಂಟುತ್ತೆ?" ಅವನು ಕೇಳಿದ.

"ಪುಸ್ತಕದಲ್ಲಿ ಹಾಗಿದೆ."

"ಪುಸ್ತಕ ಮುಚ್ಚು."

ಅವಳು ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ಅವನು ಹಾಳೆ ಮೇಲೆ ಬರೆದು ತೋರಿಸಿದ. ಗ್ಲಿಸರಾಲ್‌ನಲ್ಲಿ ಹಿಡಿಯುವ ಜಾಗ ಇರುವುದೇ ಮೂರು. ಒಂದೊಂದು ಜಾಗಕ್ಕೆ ಒಂದೊಂದು ಫ್ಯಾಟಿ ಆಸಿಡ್ ಬಂದು ಸೇರುತ್ತದೆ, ಸೇರಿದಾಗಲೆಲ್ಲ ಒಂದು ನೀರಿನ ಅಣು ಹೊರಬೀಳುತ್ತದೆ. ಆಮೇಲೆ ಅವಳು ಬರೆದಿದ್ದ ಎಣ್ಣೆಯ ಸರಪಣಿಯ ಮೇಲೆ ಬೆರಳಿಟ್ಟ. ಜೋಡಿ ಬಂಧ ಇರುವಲ್ಲಿ ಸರಪಣಿ ಸೊಟ್ಟಗಾಗಬೇಕು, ಇವಳು ಗೆರೆ ಎಳೆದ ಹಾಗೆ ನೇರ ಬರೆದಿದ್ದಾಳೆ. ಸೊಟ್ಟಗಿರುವವು ಒತ್ತಾಗಿ ಜೋಡಿಸಿಕೊಂಡು ಕೂರಲಾರವು, ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟದಿರುವುದು ಅದಕ್ಕೇ ಎಂದ.

ಎಷ್ಟು ಸಲ ಬರೆದಿದ್ದೀನಿ ಇದನ್ನ... ಏನು ಬರೀತಿದ್ದೀನಿ ಅಂತ ಇವತ್ತು ಗೊತ್ತಾಯ್ತು. ಹಾಗಂತ ಅವನ ಮುಂದೆ ಒಪ್ಪಿಕೊಳ್ಳುತ್ತಾಳೆಯೇ?

"ನಿನ್ನ ಅಕ್ಷರ ನೋಡು, ಇರುವೆ ಸಾಲು ದಿಕ್ಕು ತಪ್ಪಿದ ಹಾಗಿದೆ," ಎಂದಳು.

ಬರೆಯುವ ಸರದಿ ಅವನದಾದಾಗ ಸೇಡು ತೀರಿಸಿಕೊಂಡಳು. ಅವನು ಪೆನ್ನು ಎತ್ತಿ ಹಿಡಿದು ಯೋಚಿಸುತ್ತ ಕೂತರೆ ಮೇಜು ಬಡಿದು, ಮೊದಲು ಬರಿ, ಆಮೇಲೆ ಯೋಚಿಸು ಅಂತ ಗದರಿಸುತ್ತಿದ್ದಳು. ಜಗಳವಿಲ್ಲದೆ ಒಂದು ಪುಟವೂ ತಿರುಗುತ್ತಿರಲಿಲ್ಲ. ಒಮ್ಮೆ ಸಿಟ್ಟಿನ ಭರದಲ್ಲಿ ಅಣ್ಣನ ಅಂಗಡಿಯ ವಿಷಯವನ್ನೂ ಅವನ ಮುಂದೆ ಹೇಳಿಬಿಟ್ಟಿದ್ದಳು. ಆದರೂ ಪಾಠ ಮುಂದೆ ಸಾಗಿತು.

ಬರಬರುತ್ತಾ ಒಂದು ಕೆಟ್ಟ ಅಭ್ಯಾಸ ಅವಳಿಗೆ ಅಂಟಿಕೊಂಡಿತು. ಬೆಳಿಗ್ಗೆ ಲ್ಯಾಬಿಗೆ ಬಂದೊಡನೆ ಕಣ್ಣು ಕಿಟಕಿ ಕಡೆಗೆ ಹೋಗುತ್ತಿತ್ತು. ಬಂದಿದ್ದಾನಾ? ತನ್ನ ಮೇಲೆ ತನಗೇ ಅಸಹ್ಯವಾಯಿತು.

ಒಂದು ದಿನ ಜೂನಿಯರ್ ಹುಡುಗಿಯೊಬ್ಬಳು ಏನೋ ಅನುಮಾನ ಕೇಳಲು ಬಂದಳು. ಅವನು ನಗುನಗುತ್ತಾ ಬಿಡಿಸಿ ಹೇಳಿದ. ತನ್ನ ಮುಂದೆ ಒಮ್ಮೆಯೂ ನಕ್ಕವನಲ್ಲ... ಅವಳೊಳಗೆ ಏನೋ ಚುಚ್ಚಿತು, ಅದು ಬಾಯಿಗೆ ಬಂದುಬಿಟ್ಟಿತು.

"ಹುಷಾರಮ್ಮ. ಇವನ ಮುಂದೆ ಏನು ಮಾಡಿದರೂ ನೆಟ್ಟಗೆ ಮೇಡಂ ಕಿವಿಗೆ ಹೋಗುತ್ತೆ."

ಅವನ ಮುಖ ಬಿಳಿಚಿತು. ಪೆನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದ.

ಪಕ್ಕದ ಕೋಣೆಯಿಂದ ಮೇಡಂ ಅವಳನ್ನು ಕರೆದರು. ಬಾಗಿಲು ಹಾಕಲು ಹೇಳಿದರು.

"ಅವನು ಆವತ್ತು ನಿನ್ನ ಮೇಲೆ ದೂರು ಹೇಳಿದ ಅಂತ ನಿನಗೆ ಯಾರಮ್ಮ ಹೇಳಿದ್ದು?"

ಯಾರೂ ಹೇಳಿರಲಿಲ್ಲ.

ಮೇಡಂ ಹೇಳಿದರು. ಆವತ್ತು ಅವನ ಅಪ್ಪ ಆಸ್ಪತ್ರೆಯಲ್ಲಿದ್ದರು. ಪರೀಕ್ಷೆ ಬಿಡಬೇಡ ಅಂತ ಹಟ ಮಾಡಿ ಕಳಿಸಿದ್ದರು. ಅವನಿಂದ ಒಂದಕ್ಷರ ಬರೆಯಲಾಗಲಿಲ್ಲ. ಖಾಲಿ ಪತ್ರಿಕೆ ಕೊಟ್ಟು, ಹೋಗಬೇಕು ಮೇಡಂ ಅಂದ. ಅವನನ್ನು ಬಾಗಿಲವರೆಗೆ ಬಿಡಲು ಎದ್ದಾಗ ಅವಳ ಅಂಗೈ ಕಂಡದ್ದು ಮೇಡಂ ಕಣ್ಣಿಗೇ. ಅವನು ಅವಳ ಕಡೆ ತಿರುಗಿ ಕೂಡ ನೋಡಿರಲಿಲ್ಲ. ತನ್ನ ವಿಷಯ ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡಿದ್ದ, ಅದಕ್ಕೆ ಮೇಡಂ ಇಷ್ಟು ದಿನ ಸುಮ್ಮನಿದ್ದರು.

"ಅವನು ಹೋಗುವಷ್ಟರಲ್ಲಿ ಅವರಪ್ಪ ಇರಲಿಲ್ಲ," ಎಂದರು ಕೊನೆಗೆ.

ಅವಳು ಹೊರಗೆ ಬಂದಳು. ಅಪ್ಪನನ್ನು ಕಳೆದುಕೊಂಡು ಬಂದವನಿಗೆ ಬೆಂಚಿನಲ್ಲಿ ಜಾಗ ಇಲ್ಲದ ಹಾಗೆ ಮಾಡಿದವಳು ನಾನು...

ಮರುದಿನ ಲ್ಯಾಬ್ ತುಂಬಿದ್ದಾಗ ಎದ್ದು ನಿಂತಳು. ಅವನು ಯಾರನ್ನೂ ಹಿಡಿದುಕೊಟ್ಟಿಲ್ಲ, ಅದು ತಾನೇ ಹುಟ್ಟಿಸಿದ ಸುಳ್ಳು, ಆ ಹೆಸರನ್ನು ಇನ್ನು ಯಾರೂ ಕರೆಯಬಾರದು ಎಂದಳು. ಅವನ ಅಪ್ಪನ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವಳು ಕೂರಲಿಲ್ಲ, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದಳು.

ಎಲ್ಲ ಹೋದ ಮೇಲೆ ಅವನು ಅವಳ ಹತ್ತಿರ ಬಂದ.

"ಕ್ಷಮೆ ಕೇಳಿಬಿಟ್ಟರೆ ಮುಗೀತು ಅಂದ್ಕೊಂಡೆಯಾ?"

"ಇಲ್ಲ."

"ನೀನು ಒಂದು ಸಲ ಬಂದು ಕೇಳಬಹುದಿತ್ತು. ಕೇಳಲಿಲ್ಲ."

"ಹೌದು. ಕೇಳಲಿಲ್ಲ."

ಅವಳು ಅಳಲಿಲ್ಲ, ಸಮಜಾಯಿಷಿಯನ್ನೂ ಕೊಡಲಿಲ್ಲ. ಅವನು ಕುರ್ಚಿ ಎಳೆದುಕೊಂಡು, ಫಾಸ್ಫೋಲಿಪಿಡ್ ಪಾಠ ಬಾಕಿ ಇದೆ ಎಂದ. ಅಂದಿನಿಂದ ಪಾಠ ಬಿಟ್ಟು ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಜಗಳವೇ ವಾಸಿ ಇತ್ತು ಅನ್ನಿಸಿತು ಅವಳಿಗೆ.

ಪರೀಕ್ಷೆಯ ದಿನ ಗಂಟೆ ಹೊಡೆಯುವ ಹೊತ್ತಾದರೂ ಅವನ ಜಾಗ ಖಾಲಿ. ಅವಳು ಎದ್ದು ಓಡಿದಳು. ಹೊರಗೆ ನಲ್ಲಿಯ ಬಳಿ, ಪರೀಕ್ಷಾ ಹಾಲ್‌ನ ಬಾಗಿಲನ್ನೇ ನೋಡುತ್ತ ನಿಂತಿದ್ದ. ಮುಖ ಬೆವರಿತ್ತು.

"ಆವತ್ತಿನ ಅದೇ ಹಾಲ್‌ಗೆ ಕಾಲಿಡೋಕಾಗ್ತಿಲ್ಲ. ನೀನು ಹೋಗು."

ಸಮಾಧಾನದ ಮಾತು ಆಡುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನ ಜೊತೆ ಅವಳಿಗೆ ಚೆನ್ನಾಗಿ ಬರುತ್ತಿದ್ದುದು ಒಂದೇ, ಜಗಳ.

"ಸರಿ. ಒಂದು ಅನುಮಾನ ಇದೆ. ಫ್ಯಾಟಿ ಆಸಿಡ್ ಕಟ್ಟುವಾಗ ಮೊದಲು ಮೆಲೋನೈಲ್ ಕೋ-ಎ ಮಾಡೋಕೆ ಅಸಿಟೈಲ್ ಕೋ-ಎಯಿಂದ ಒಂದು ಕಾರ್ಬನ್ ಕೀಳ್ತಾರೆ ಅಲ್ವಾ?"

"ಕೀಳೋದಾ? ಸೇರಿಸೋದು."

"ಆಮೇಲೆ ಸರಪಣಿ ಒಂದೊಂದೇ ಕಾರ್ಬನ್ ಬೆಳೆಯುತ್ತೆ," ಎನ್ನುತ್ತಾ ಅವಳು ನಡೆಯತೊಡಗಿದಳು.

"ಎರಡೆರಡು. ಇಷ್ಟು ದಿನ ಏನು ಕಲಿತೆ ನೀನು?" ಅವನು ಸಿಡುಕುತ್ತಾ ಹಿಂದೆಯೇ ಬಂದ.

"ಕೊನೆಗೆ ಹದಿನಾಲ್ಕಾದಾಗ ನಿಲ್ಲುತ್ತೆ."

"ಹದಿನಾರು. ಪಾಲ್ಮಿಟಿಕ್ ಆಸಿಡ್‌ಗೆ ಹದಿನಾರು ಕಾರ್ಬನ್. ಇದನ್ನೇ ಬರೆದು ಬಂದ್ರೆ ನಿಮ್ಮಣ್ಣನ ಅಂಗಡಿಯೇ ಗತಿ..."

ಮಾತು ಅರ್ಧಕ್ಕೇ ನಿಂತಿತು. ಅವನು ಹಾಲ್‌ನೊಳಗೆ, ತನ್ನ ಡೆಸ್ಕಿನ ಮುಂದೆ ನಿಂತಿದ್ದ. ಅವಳ ಕಡೆ ನೋಡಿದ. ಅವಳು ಆಗಲೇ ತನ್ನ ಜಾಗಕ್ಕೆ ಹೋಗಿ ತಲೆ ತಗ್ಗಿಸಿದ್ದಳು. ಗಂಟೆ ಹೊಡೆಯಿತು. ಅವನು ಕೂತು ಪೆನ್ನು ತೆಗೆದ.

ಇಬ್ಬರೂ ಪಾಸಾದದ್ದು ಆಮೇಲಿನ ಮಾತು. ಅಂದು ಪರೀಕ್ಷೆ ಮುಗಿಸಿ ಅವಳು ಗೇಟಿನ ತನಕ ಹೋಗಿದ್ದಳು, ಹಿಂದಿನಿಂದ ಅವನ ದನಿ ಕೇಳಿತು.

"ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ."

"ಇರಲಿ."

"ಮನೆಗೆ ಹೋಗಿ ದಿನಾ ಅಮ್ಮನ ಹತ್ತಿರ ನಿನ್ನ ಬಯ್ತಿದ್ದೆ. ಒಂದಿನ ಅಮ್ಮ ಕೇಳಿದರು, ಬಯ್ಯೋದಾದ್ರೂ ಬೆಳಗಿಂದ ಸಂಜೆ ತನಕ ಅವಳೊಬ್ಬಳ ಮಾತೇ ಯಾಕೋ ಅಂತ."

ಅವಳು ತಿರುಗಿ ನಿಂತಳು. "ಏನಂದೆ?"

"ಆಗ ಉತ್ತರ ಬರಲಿಲ್ಲ." ಅವನು ಬೇರೆಲ್ಲೋ ನೋಡುತ್ತಾ ಹೇಳಿದ. "ಈಗ ಬರುತ್ತೆ. ನಿನ್ನನ್ನ ಬಿಟ್ಟು ಇರೋಕಾಗಲ್ಲ ಅಂತ."

ಇಷ್ಟು ದಿನ ತಡೆದಿದ್ದ ಕಣ್ಣೀರು ಆಗ ಬಂತು. ಅವನು ಗಾಬರಿಯಾಗಿ ಕರವಸ್ತ್ರಕ್ಕೆ ಜೇಬೆಲ್ಲ ತಡಕಾಡಿದ, ಸಿಗಲಿಲ್ಲ. ಕೊನೆಗೆ ತನ್ನ ಅಂಗಿಯ ತೋಳನ್ನೇ ಮುಂದೆ ಚಾಚಿದ.

ಅವಳು ಅದರಲ್ಲೇ ಮುಖ ಒರೆಸಿಕೊಂಡಳು. "ನನಗೂ ಆಗಲ್ಲ," ಎಂದಳು. "ನಿಮ್ಮಮ್ಮ ನನ್ನ ಬಯ್ಯಲ್ವಾ?"

"ಬಯ್ತಾರೆ. ಬಯ್ದು ಊಟ ಹಾಕ್ತಾರೆ. ನಡಿ, ಹಸಿವಾಗ್ತಿದೆ."